ಕೆಂಪಾದ ಕಣ್ಣು ಮತ್ತು ಕಣ್ಣಿನ ಹನಿ: ಸುರಕ್ಷಿತ ಬಳಕೆಯ ವಿಧಾನ

2023ರ ಜುಲೈ ತಿಂಗಳಿನಲ್ಲಿ ದೆಹಲಿಯಲ್ಲಿ ಮಳೆಯ ಜೊತೆಗೆ ಕಣ್ಣು ಬೇನೆಯೂ ವ್ಯಾಪಕವಾಗಿ ಹರಡಿತು. ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ರಾಜೇಂದ್ರ ಪ್ರಸಾದ್ ನೇತ್ರ ವಿಜ್ಞಾನ ಕೇಂದ್ರಕ್ಕೆ ಆ ದಿನಗಳಲ್ಲಿ ಪ್ರತಿದಿನ ಸುಮಾರು 100 ಮಂದಿ ಕೆಂಪಾದ ಕಣ್ಣುಗಳೊಡನೆ ಬರುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ ಕರ್ನಾಟಕದಲ್ಲಿಯೂ 40,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು; ಬೀದರ್, ಹಾವೇರಿ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಬೇನೆಯ ಹಾವಳಿ ಹೆಚ್ಚಾಗಿತ್ತು. ಕನ್ನಡನಾಡಿನಲ್ಲಿ ‘ಮದ್ರಾಸ್ ಐ’ ಅಥವಾ ‘ಕೆಂಗಣ್ಣು’ ಎಂದು ಜನರು ಕರೆಯುವ ಈ ಬೇನೆಯು ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ. ಆದರೆ ಬೇನೆಗೆಂದು ಜನರು ತಾವಾಗಿಯೇ ಹಾಕಿಕೊಳ್ಳುವ ಔಷಧವು ಕೆಲವೊಮ್ಮೆ ಬೇನೆಗಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡುತ್ತದೆ.

ಈ ಹಾನಿಯು ಹೇಗೆ ಆರಂಭವಾಗುತ್ತದೆ ಎಂಬುದನ್ನು ತಿಳಿಯಲು ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದೆಹಲಿಯ ನೈಋತ್ಯ ಭಾಗದಲ್ಲಿರುವ ವಸಂತ್ ಕುಂಜ್, ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಮನೆಗಳನ್ನು ಕಟ್ಟಿಸಿದ ದೊಡ್ಡ ಬಡಾವಣೆ. ದೇಶದ ಹಲವು ಭಾಗಗಳಿಂದ ಉದ್ಯೋಗ ನಿಮಿತ್ತ ಬಂದ ಕುಟುಂಬಗಳು ಅಲ್ಲಿ ಒತ್ತೊತ್ತಾಗಿ ವಾಸಿಸುತ್ತವೆ. ಅಂತಹ ಒಂದು ಮನೆಯಲ್ಲಿ ಒಂಬತ್ತು ವರ್ಷದ ಬಾಲಕನ ಕಣ್ಣು ಕೆಂಪಾಗುತ್ತದೆ. ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ವೈದ್ಯರು ಬರೆದುಕೊಟ್ಟ ಹನಿಯ ಬಾಟಲಿಯಲ್ಲಿ ಸ್ವಲ್ಪ ಔಷಧ ಉಳಿದಿರುತ್ತದೆ. ಅದನ್ನೇ ಬಾಲಕನ ಕಣ್ಣಿಗೆ ಹಾಕಲಾಗುತ್ತದೆ. ಎರಡು ದಿನಗಳಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಮುಂದೆ ಕಣ್ಣು ಕೆಂಪಾದಾಗಲೆಲ್ಲ ಖಾಲಿ ಬಾಟಲಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿ ಅದೇ ಹನಿಯನ್ನು ತರಲಾಗುತ್ತದೆ. ಈ ಮನೆ ಊಹೆಯದಾದರೂ ಈ ರೂಢಿ ಊಹೆಯದಲ್ಲ. ನಗರದಲ್ಲಿಯೂ ಹಳ್ಳಿಯಲ್ಲಿಯೂ ನೇತ್ರತಜ್ಞರು ಇದನ್ನು ಮತ್ತೆ ಮತ್ತೆ ಕಾಣುತ್ತಾರೆ.

ಕಣ್ಣು ಕೆಂಪಾಗಲು ಕಾರಣಗಳು

ಕಣ್ಣಿನ ಬಿಳಿಯ ಭಾಗವನ್ನೂ ರೆಪ್ಪೆಗಳ ಒಳಭಾಗವನ್ನೂ ಹೊದ್ದಿರುವ ತೆಳುವಾದ ಲೋಳೆಪೊರೆಗೆ ಕಂಜಕ್ಟಿವಾ ಎಂದು ಹೆಸರು. ಇದರಲ್ಲಿ ಉರಿಯೂತ ಉಂಟಾದಾಗ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಕಣ್ಣು ಕೆಂಪಾಗಿ ಕಾಣುತ್ತದೆ. ಆದುದರಿಂದ ಕೆಂಪು ಎಂಬುದು ಒಂದು ಲಕ್ಷಣವೇ ಹೊರತು ಅದೇ ಒಂದು ರೋಗವಲ್ಲ. ಈ ಲಕ್ಷಣಕ್ಕೆ ಕಾರಣಗಳು ಅನೇಕ.

ವೈರಸ್‌ನಿಂದ ಬರುವ ಬೇನೆಯಲ್ಲಿ ಕಣ್ಣಿನಿಂದ ನೀರು ಸುರಿಯುತ್ತದೆ. ಮರಳು ಬಿದ್ದಂತೆ ಚುಚ್ಚುತ್ತದೆ. ಮೊದಲು ಒಂದು ಕಣ್ಣಿನಲ್ಲಿ ಕಾಣಿಸಿಕೊಂಡು ಕೆಲವು ದಿನಗಳಲ್ಲಿ ಇನ್ನೊಂದಕ್ಕೂ ಹರಡುವುದುಂಟು. ನೆಗಡಿ, ಗಂಟಲು ನೋವುಗಳೂ ಜೊತೆಗಿರಬಹುದು. ಸಾಂಕ್ರಾಮಿಕವಾಗಿ ಹರಡುವ ಕಣ್ಣು ಬೇನೆಗಳಲ್ಲಿ ಹೆಚ್ಚಿನವು ಈ ವರ್ಗಕ್ಕೆ ಸೇರಿದವು. ಇದು ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ, ಕೆಲವರಲ್ಲಿ ಮೂರು ವಾರಗಳಲ್ಲಿ ಶಮನವಾಗುತ್ತದೆ.

ಬ್ಯಾಕ್ಟೀರಿಯಾದಿಂದ ಬರುವ ಬೇನೆಯಲ್ಲಿ ಹಳದಿ ಅಥವಾ ಹಸಿರು ಬಣ್ಣದ ದಟ್ಟವಾದ ಪಿಸುರು ಬರುತ್ತದೆ. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಅಲರ್ಜಿಯಿಂದ ಕೆಂಪಾದ ಕಣ್ಣಿನಲ್ಲಿ ತುರಿಕೆಯೇ ಪ್ರಧಾನ ಲಕ್ಷಣ. ಇವುಗಳಲ್ಲದೆ ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಹುಣ್ಣು, ಕಣ್ಣಿನೊಳಗಿನ ಉರಿಯೂತ, ಕಣ್ಣಿನ ಒತ್ತಡದ ಹಠಾತ್ ಏರಿಕೆ ಮುಂತಾದ ಗಂಭೀರ ಕಾಯಿಲೆಗಳಲ್ಲಿಯೂ ಕಣ್ಣು ಕೆಂಪಾಗುತ್ತದೆ. ಹೊರನೋಟಕ್ಕೆ ಇವೆಲ್ಲವೂ ಒಂದೇ ರೀತಿ ಕಾಣಬಹುದು. ಇವುಗಳ ಚಿಕಿತ್ಸೆ ಮಾತ್ರ ಒಂದೇ ಅಲ್ಲ. ಒಂದಕ್ಕೆ ಮದ್ದಾದುದು ಮತ್ತೊಂದಕ್ಕೆ ವಿಷವಾಗಬಹುದು.

ಆಂಟಿಬಯೋಟಿಕ್ ಹನಿಗಳ ಕೆಲಸ

ಆಂಟಿಬಯೋಟಿಕ್ ಹನಿಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಕ್ಲೋರಾಂಫೆನಿಕಾಲ್, ಸಿಪ್ರೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಟೋಬ್ರಾಮೈಸಿನ್ ಮೊದಲಾದವು ಈ ಗುಂಪಿಗೆ ಸೇರಿವೆ. ವೈರಸ್ ಮತ್ತು ಅಲರ್ಜಿಯ ಮೇಲೆ ಇವುಗಳ ಪ್ರಭಾವವಿಲ್ಲ. ವೈರಸ್ ಬೇನೆಯಲ್ಲಿ ಆಂಟಿಬಯೋಟಿಕ್ ಹಾಕಿಕೊಂಡವರು ಒಂದು ವಾರದಲ್ಲಿ ಗುಣಮುಖರಾದರೆ ಅದು ಔಷಧದ ಫಲವೆಂದು ಭಾವಿಸುತ್ತಾರೆ. ಹನಿಯನ್ನು ಹಾಕದಿದ್ದರೂ ಬೇನೆಯು ಅಷ್ಟೇ ಕಾಲದಲ್ಲಿ ಇಳಿಯುತ್ತಿತ್ತು. ಬ್ಯಾಕ್ಟೀರಿಯಾದ ಸೋಂಕು ಜೊತೆಗೂಡಿದೆಯೆಂದು ಕಂಡಾಗ ವೈದ್ಯರು ಈ ಹನಿಗಳನ್ನು ಸೂಚಿಸುವುದುಂಟು. ಆ ನಿರ್ಧಾರವು ಕಣ್ಣನ್ನು ಪರೀಕ್ಷಿಸಿದ ಬಳಿಕ ಆಗತಕ್ಕದ್ದು.

ಅನಗತ್ಯವಾದ ಬಳಕೆಯಿಂದ ಹಾನಿಯೂ ಇದೆ. ಔಷಧವನ್ನು ಎದುರಿಸಬಲ್ಲ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ನಿಜವಾಗಿ ಔಷಧ ಬೇಕಾದ ದಿನ ಅದು ಕೆಲಸ ಮಾಡದೆ ಹೋಗಬಹುದು. ಕೆಲವರಿಗೆ ಔಷಧದಿಂದಲೇ, ಅಥವಾ ಅದು ಕೆಡದಂತೆ ಬೆರೆಸಿದ ರಾಸಾಯನಿಕದಿಂದ, ರೆಪ್ಪೆಗಳು ಊದಿ ಕಣ್ಣು ಇನ್ನಷ್ಟು ಕೆಂಪಾಗುತ್ತದೆ. ಅದನ್ನು ಬೇನೆಯ ಉಲ್ಬಣವೆಂದು ತಿಳಿದು ಹನಿಯ ಪ್ರಮಾಣವನ್ನು ಹೆಚ್ಚಿಸುವವರೂ ಇದ್ದಾರೆ. ಇನ್ನೊಂದೆಡೆ, ವೈದ್ಯರು ಸೂಚಿಸಿದ ಆಂಟಿಬಯೋಟಿಕ್ ಹನಿಯನ್ನು ಕಣ್ಣು ತಿಳಿಯಾಯಿತೆಂದು ಅರ್ಧಕ್ಕೆ ನಿಲ್ಲಿಸುವುದೂ ಸರಿಯಲ್ಲ. ಹೇಳಿದಷ್ಟು ದಿನ, ಹೇಳಿದಷ್ಟು ಬಾರಿ ಹಾಕಬೇಕು.

ಸ್ಟೀರಾಯ್ಡ್ ಹನಿಗಳು

ಸ್ಟೀರಾಯ್ಡ್ ಹನಿಗಳು ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ಸೋಂಕು ಅಥವಾ ಗಾಯಕ್ಕೆ ಪ್ರತಿಯಾಗಿ ದೇಹವು ತೋರುವ ಉರಿಯೂತವನ್ನು ಅವು ಅಡಗಿಸುತ್ತವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ, ಕಾರ್ನಿಯಾ ಕಸಿಯ ನಂತರ, ಕಣ್ಣಿನೊಳಗಿನ ಉರಿಯೂತದಲ್ಲಿ ಮತ್ತು ತೀವ್ರವಾದ ಅಲರ್ಜಿಯಲ್ಲಿ ಇವು ದೃಷ್ಟಿಯನ್ನು ಕಾಪಾಡುವ ಔಷಧಗಳು. ವೈರಸ್ ಬೇನೆಯ ನಂತರ ಕೆಲವರ ಕಾರ್ನಿಯಾದ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಮೂಡಿ ನೋಟ ಮಬ್ಬಾದಾಗಲೂ ನೇತ್ರತಜ್ಞರು ಇವನ್ನು ಎಚ್ಚರಿಕೆಯಿಂದ ಕೊಡುತ್ತಾರೆ.

ಉರಿಯೂತ ಅಡಗುವುದರಿಂದ ಕೆಂಪು ಬೇಗನೆ ಮಾಯವಾಗುತ್ತದೆ. ಜನರು ಈ ಹನಿಯನ್ನು ಮೆಚ್ಚುವುದು ಇದಕ್ಕಾಗಿಯೇ. ಇದರ ಅಪಾಯವಿರುವುದೂ ಇಲ್ಲಿಯೇ. ಹೊರಗೆ ಕಣ್ಣು ತಿಳಿಯಾಗಿ ಕಾಣುವಾಗ ಒಳಗೆ ಸೋಂಕು ಅಡೆತಡೆಯಿಲ್ಲದೆ ಬೆಳೆಯಬಹುದು. ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ ಕಾರ್ನಿಯಾದ ಮೇಲೆ ಮರದ ಕೊಂಬೆಯ ಆಕಾರದ ಹುಣ್ಣನ್ನು ಉಂಟುಮಾಡುತ್ತದೆ. ಆರಂಭದಲ್ಲಿ ಇದು ಸಾಧಾರಣ ಕೆಂಗಣ್ಣಿನಂತೆಯೇ ತೋರುತ್ತದೆ. ಸ್ಟೀರಾಯ್ಡ್ ಹನಿಯನ್ನು ಮಾತ್ರ ಹಾಕಿದರೆ ಹುಣ್ಣು ವಿಸ್ತರಿಸಿ ಕಾರ್ನಿಯಾದ ಮೇಲೆ ಶಾಶ್ವತವಾದ ಕಲೆ ಉಳಿಯಬಹುದು.

ಕೃಷಿಕರಿಗೆ ಇನ್ನೊಂದು ಅಪಾಯವಿದೆ. ಭತ್ತದ ಗರಿ, ಕಬ್ಬಿನ ಸೋಗೆ, ಮುಳ್ಳು ಅಥವಾ ಕಡ್ಡಿ ಕಣ್ಣಿಗೆ ತಗುಲಿದಾಗ ಶಿಲೀಂಧ್ರಗಳು ಕಾರ್ನಿಯಾದೊಳಗೆ ಸೇರುತ್ತವೆ. ಇಂತಹ ಹುಣ್ಣು ನಿಧಾನವಾಗಿ ಬೆಳೆಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಹಾಕಿದರೆ ನೋವು ಮತ್ತು ಕೆಂಪು ಮೊದಲು ತಗ್ಗಬಹುದು. ಆದರೆ ಶಿಲೀಂಧ್ರವು ಆಳಕ್ಕೆ ಇಳಿದು ಕಾರ್ನಿಯಾ ರಂಧ್ರವಾಗುವ ಸಂಭವವಿದೆ. ಹೊಲದಲ್ಲಿ ಕಣ್ಣಿಗೆ ಪೆಟ್ಟಾದವರು ಅಂಗಡಿಯ ಹನಿಯನ್ನು ನಂಬಿ ಕಾಯಬಾರದು.

ಸದ್ದಿಲ್ಲದೆ ಏರುವ ಒತ್ತಡ

ಕಣ್ಣಿನೊಳಗೆ ಸದಾ ಒಂದು ದ್ರವವು ಉತ್ಪತ್ತಿಯಾಗಿ ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಈ ಹರಿವಿನಿಂದ ಕಣ್ಣಿನ ಒತ್ತಡವು ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್‌ಗಳ ನಡುವೆ ಇರುತ್ತದೆ. ಸ್ಟೀರಾಯ್ಡ್ ಔಷಧವು ಕೆಲವರಲ್ಲಿ ಈ ಜಾಲರಿಯ ದಾರಿಯನ್ನು ಬಿಗಿಗೊಳಿಸುತ್ತದೆ; ದ್ರವವು ಹೊರಹೋಗದೆ ಒತ್ತಡ ಏರುತ್ತದೆ. ಇದು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ನೇತ್ರವಿಜ್ಞಾನಿಗಳಾದ ಬರ್ನಾರ್ಡ್ ಬೆಕರ್ ಮತ್ತು ಮನ್ಸೂರ್ ಆರ್ಮಲಿ ಅವರು ನಡೆಸಿದ ಅಧ್ಯಯನಗಳು ಈ ವ್ಯತ್ಯಾಸವನ್ನು ತೋರಿಸಿಕೊಟ್ಟವು. ಪ್ರಬಲವಾದ ಸ್ಟೀರಾಯ್ಡ್ ಹನಿಯನ್ನು ನಾಲ್ಕರಿಂದ ಆರು ವಾರ ಹಾಕಿದಾಗ ಸುಮಾರು ಮೂರನೆಯ ಒಂದು ಭಾಗದ ಜನರಲ್ಲಿ ಒತ್ತಡವು ಮಧ್ಯಮ ಪ್ರಮಾಣದಲ್ಲಿ ಏರುತ್ತದೆ. ನೂರಕ್ಕೆ ಸುಮಾರು ಐವರಲ್ಲಿ ಬಹಳ ಹೆಚ್ಚಾಗಿ ಏರುತ್ತದೆ. ತಾನು ಯಾವ ಗುಂಪಿಗೆ ಸೇರಿದವನೆಂದು ಯಾರಿಗೂ ಮೊದಲೇ ತಿಳಿಯುವಂತಿಲ್ಲ. ಗ್ಲಾಕೋಮಾ ಇರುವವರು ಮತ್ತು ಅವರ ರಕ್ತಸಂಬಂಧಿಗಳು, ಮಧುಮೇಹಿಗಳು, ಹೆಚ್ಚಿನ ಸಮೀಪದೃಷ್ಟಿ ದೋಷವಿರುವವರು ಮತ್ತು ಮಕ್ಕಳು ವಿಶೇಷ ಎಚ್ಚರಿಕೆಯಿಂದಿರಬೇಕು.

ಒತ್ತಡ ಏರಿದಾಗ ಬಹುಪಾಲು ರೋಗಿಗಳಿಗೆ ನೋವಾಗುವುದಿಲ್ಲ; ಕಣ್ಣು ಕೆಂಪಾಗುವುದೂ ಇಲ್ಲ. ಕಣ್ಣಿನಿಂದ ಮೆದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರವು ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ. ಮೊದಲು ಪಕ್ಕದ ನೋಟ ಕುಗ್ಗುತ್ತದೆ. ಎದುರಿನ ನೋಟ ಉಳಿದಿರುವುದರಿಂದ ರೋಗಿಗೆ ಇದು ಗೊತ್ತಾಗುವುದಿಲ್ಲ. ಹನಿಯನ್ನು ನಿಲ್ಲಿಸಿದ ಮೇಲೆ ಅನೇಕರಲ್ಲಿ ಒತ್ತಡವು ಕೆಲವು ವಾರಗಳಲ್ಲಿ ಇಳಿಯಬಹುದು, ಆದರೆ ಸತ್ತ ನರವು ಮರಳಿ ಹುಟ್ಟುವುದಿಲ್ಲ. ಸ್ಟೀರಾಯ್ಡ್‌ಗಳ ದೀರ್ಘಕಾಲದ ಬಳಕೆಯಿಂದ ಚಿಕ್ಕ ವಯಸ್ಸಿನಲ್ಲಿಯೇ ಕಣ್ಣಿನ ಪೊರೆಯೂ ಬರಬಹುದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಹೋದ ನೋಟವನ್ನು ಯಾವ ಶಸ್ತ್ರಚಿಕಿತ್ಸೆಯೂ ತಂದುಕೊಡಲಾರದು.

ಅಲರ್ಜಿ ಇರುವ ಮಕ್ಕಳು

ಈ ಅಪಾಯಕ್ಕೆ ಹೆಚ್ಚಾಗಿ ಗುರಿಯಾಗುವವರು ಅಲರ್ಜಿಯ ಕಣ್ಣು ಬೇನೆಯುಳ್ಳ ಮಕ್ಕಳು. ಬಿಸಿಲು, ಧೂಳು ಮತ್ತು ಒಣಹವೆಯ ಪ್ರದೇಶಗಳಲ್ಲಿ ವರ್ನಲ್ ಎಂಬ ಅಲರ್ಜಿ ಬೇನೆಯು ಶಾಲಾವಯಸ್ಸಿನ ಮಕ್ಕಳಲ್ಲಿ, ಅದರಲ್ಲಿಯೂ ಬಾಲಕರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ದೆಹಲಿಯಲ್ಲಿ ಬೇಸಿಗೆಯ ಧೂಳುಗಾಳಿ, ಚಳಿಗಾಲದ ಹೊಗೆಮಂಜು ಎರಡೂ ಕಣ್ಣನ್ನು ಕೆರಳಿಸುತ್ತವೆ. ಉತ್ತರ ಕರ್ನಾಟಕದ ಬಯಲು ಜಿಲ್ಲೆಗಳಲ್ಲಿಯೂ ಬಿಸಿಲು ಮತ್ತು ಧೂಳು ಕಡಿಮೆಯಿಲ್ಲ. ಈ ಬೇನೆಯು ವರ್ಷವರ್ಷವೂ ಮರುಕಳಿಸುವಂಥದು. ಹೆಚ್ಚಿನ ಮಕ್ಕಳಲ್ಲಿ ಪ್ರಾಯಕ್ಕೆ ಬರುವ ವೇಳೆಗೆ ತಾನಾಗಿ ಕಡಿಮೆಯಾಗುತ್ತದೆ.

ಮೇಲೆ ಹೇಳಿದ ಮನೆಯ ಬಾಲಕನಿಗೆ ಇದ್ದುದೂ ಇಂತಹ ಬೇನೆಯೆಂದು ತಿಳಿಯೋಣ. ಪ್ರತಿ ಬೇಸಿಗೆಯಲ್ಲಿಯೂ ತುರಿಕೆ ಬರುತ್ತದೆ. ಹನಿ ಹಾಕಿದರೆ ಹೋಗುತ್ತದೆ. ನಿಲ್ಲಿಸಿದರೆ ಮತ್ತೆ ಬರುತ್ತದೆ. ಹೀಗೆ ತಿಂಗಳುಗಳು, ವರ್ಷಗಳು ಕಳೆಯುತ್ತವೆ. ಮಗು ತನ್ನ ನೋಟ ಕುಗ್ಗಿದೆಯೆಂದು ಹೇಳುವುದಿಲ್ಲ. ಅದಕ್ಕೆ ಅದು ತಿಳಿದೂ ಇರುವುದಿಲ್ಲ. ನಡೆಯುವಾಗ ಪಕ್ಕದ ವಸ್ತುಗಳನ್ನು ಎಡವುವುದು, ಆಟದಲ್ಲಿ ಬದಿಯಿಂದ ಬರುವ ಚೆಂಡನ್ನು ಕಾಣದಿರುವುದು ಇವುಗಳನ್ನು ಮನೆಯವರು ಅಜಾಗರೂಕತೆಯೆಂದು ಬೈದು ಸುಮ್ಮನಾಗುತ್ತಾರೆ. ತಾನಾಗಿ ವಾಸಿಯಾಗಬಹುದಾಗಿದ್ದ ಬೇನೆಯ ಚಿಕಿತ್ಸೆಯಲ್ಲಿ ಮಗುವಿನ ದೃಷ್ಟಿಯೇ ಹೋಗುವುದೆಂದರೆ ಅದಕ್ಕಿಂತ ದುಃಖದ ಸಂಗತಿ ಬೇರಿಲ್ಲ. ಅಲರ್ಜಿಗೆ ದೀರ್ಘಕಾಲ ಬಳಸಬಹುದಾದ, ಸ್ಟೀರಾಯ್ಡ್ ಇಲ್ಲದ ಹನಿಗಳಿವೆ. ಸ್ಟೀರಾಯ್ಡ್ ಅನಿವಾರ್ಯವಾದಾಗ ನೇತ್ರತಜ್ಞರು ಅದನ್ನು ಅಲ್ಪಕಾಲಕ್ಕೆ ಕೊಟ್ಟು ಕಣ್ಣಿನ ಒತ್ತಡವನ್ನು ಅಳೆಯುತ್ತಿರುತ್ತಾರೆ. ತಣ್ಣೀರಿನ ಬಟ್ಟೆಯ ಪಟ್ಟು, ಬಿಸಿಲಿಗೆ ಟೋಪಿ ಮತ್ತು ಕನ್ನಡಕ, ಕಣ್ಣು ಉಜ್ಜದಿರುವ ಅಭ್ಯಾಸ ಇವೂ ಚಿಕಿತ್ಸೆಯ ಭಾಗಗಳೇ ಆಗಿವೆ.

ಪೆಟ್ಟಿಗೆಯ ಮೇಲಿನ ಬರಹ

ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿದ ಹನಿಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಕೆಲವು ಕಂಪನಿಗಳ ಬರಿಯ ಆಂಟಿಬಯೋಟಿಕ್ ಹನಿಗೂ ಸ್ಟೀರಾಯ್ಡ್ ಬೆರೆಸಿದ ಹನಿಗೂ ಹೆಸರಿನಲ್ಲಿ ಇರುವ ವ್ಯತ್ಯಾಸ ಒಂದೆರಡು ಅಕ್ಷರಗಳದು ಮಾತ್ರ. ಆದುದರಿಂದ ದೊಡ್ಡ ಅಕ್ಷರದ ವ್ಯಾಪಾರಿ ಹೆಸರನ್ನಲ್ಲ, ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಮುದ್ರಿತವಾದ ಔಷಧದ ಮೂಲ ಹೆಸರನ್ನು ಓದಬೇಕು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್ ಇವು ಸ್ಟೀರಾಯ್ಡ್‌ಗಳು. ‘ಸೋನ್’ ಅಥವಾ ‘ಲೋನ್’ ಎಂದು ಕೊನೆಗೊಳ್ಳುವ ಹೆಸರನ್ನು ಕಂಡರೆ ಎಚ್ಚರವಹಿಸುವುದು ಒಳ್ಳೆಯದು. ಲೋಟಿಪ್ರೆಡ್ನಾಲ್ ಮತ್ತು ಡೈಫ್ಲುಪ್ರೆಡ್ನೇಟ್ ಎಂಬುವು ಹಾಗೆ ಕೊನೆಗೊಳ್ಳದಿದ್ದರೂ ಸ್ಟೀರಾಯ್ಡ್‌ಗಳೇ. ಓದಲು ಬಾರದವರು ವೈದ್ಯರನ್ನು ‘ಇದರಲ್ಲಿ ಸ್ಟೀರಾಯ್ಡ್ ಇದೆಯೆ? ಎಷ್ಟು ದಿನ ಹಾಕಬೇಕು?’ ಎಂದು ಸಂಕೋಚವಿಲ್ಲದೆ ಕೇಳಬೇಕು.

ಕಾನೂನಿನ ಪ್ರಕಾರ ಇಂತಹ ಹನಿಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಔಷಧದ ಮೇಲಿನ ಕೆಂಪು ಲಂಬ ಗೆರೆಯು ಇದನ್ನೇ ಸೂಚಿಸುತ್ತದೆ. ಆಂಟಿಬಯೋಟಿಕ್‌ಗಳ ದುರ್ಬಳಕೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಈ ಕೆಂಪು ಗೆರೆಯ ಬಗ್ಗೆ ಜನಜಾಗೃತಿ ಕಾರ್ಯಕ್ರಮವನ್ನು ಆರಂಭಿಸಿತು. ಹಳೆಯ ಚೀಟಿಯೂ ಹೊಸ ಬೇನೆಗೆ ಚೀಟಿಯಾಗಲಾರದು. ಒಂದು ಸಲ ಬರೆದುಕೊಟ್ಟ ಔಷಧವು ಆ ರೋಗಿಗೆ, ಆ ಕಾಯಿಲೆಗೆ, ಅಷ್ಟು ದಿನಗಳಿಗೆ ಮಾತ್ರ ಅನ್ವಯಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವೈದ್ಯರ ಸೂಚನೆಯಂತೆ ಸ್ಟೀರಾಯ್ಡ್ ಹನಿಯನ್ನು ಹಾಕುತ್ತಿರುವವರು ಭಯಪಟ್ಟು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಹಾಗೆ ಮಾಡಿದರೆ ಅಡಗಿದ್ದ ಉರಿಯೂತವು ಮರುಕಳಿಸಬಹುದು. ದಿನಕ್ಕೆ ಆರು ಬಾರಿ, ನಾಲ್ಕು ಬಾರಿ, ಎರಡು ಬಾರಿ ಎಂದು ಹಂತಹಂತವಾಗಿ ಕಡಿಮೆ ಮಾಡುವ ಕ್ರಮವನ್ನು ವೈದ್ಯರು ಬರೆದುಕೊಟ್ಟಂತೆಯೇ ಪಾಲಿಸಬೇಕು.

ಹನಿ ಹಾಕುವ ಕ್ರಮ

1. ಮೊದಲು ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಬೇನೆ ಪೂರ್ಣವಾಗಿ ಗುಣವಾಗುವವರೆಗೆ ಅದನ್ನು ಧರಿಸಬಾರದು.

2. ಬಾಟಲಿಯ ಮೇಲೆ ಅಲುಗಾಡಿಸಬೇಕೆಂದು ಬರೆದಿದ್ದರೆ ಚೆನ್ನಾಗಿ ಅಲುಗಾಡಿಸಬೇಕು.

3. ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಕೆಳಕ್ಕೆ ಎಳೆದು, ಅಲ್ಲಿ ಉಂಟಾಗುವ ಚೀಲದಂತಹ ಜಾಗಕ್ಕೆ ಒಂದು ಹನಿಯನ್ನು ಬಿಡಬೇಕು. ಒಂದೇ ಹನಿ ಸಾಕು; ಎರಡನೆಯದು ಕೆನ್ನೆಯ ಮೇಲೆ ಹರಿದುಹೋಗುತ್ತದೆ.

4. ಬಾಟಲಿಯ ತುದಿಯು ಕಣ್ಣಿಗಾಗಲಿ, ರೆಪ್ಪೆಗಾಗಲಿ, ಬೆರಳಿಗಾಗಲಿ ತಾಗಬಾರದು. ತಾಗಿದರೆ ರೋಗಾಣುಗಳು ಔಷಧದೊಳಗೆ ಸೇರುತ್ತವೆ.

5. ಕಣ್ಣನ್ನು ಮೆಲ್ಲನೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಬೇಕು. ಇದರಿಂದ ಔಷಧವು ಮೂಗು ಮತ್ತು ಗಂಟಲಿಗೆ ಇಳಿಯದೆ ಕಣ್ಣಿನಲ್ಲಿ ಉಳಿಯುತ್ತದೆ.

6. ಎರಡು ವಿಧದ ಹನಿಗಳಿದ್ದರೆ ಅವುಗಳ ನಡುವೆ ಕನಿಷ್ಠ ಐದು ನಿಮಿಷಗಳ ಅಂತರವಿರಬೇಕು. ಮುಲಾಮು ಇದ್ದರೆ ಅದನ್ನು ಕೊನೆಯಲ್ಲಿ ಹಚ್ಚಬೇಕು.

7. ಬಾಟಲಿಯನ್ನು ತೆರೆದ ದಿನವನ್ನು ಅದರ ಮೇಲೆ ಬರೆದಿಡಬೇಕು. ಹೆಚ್ಚಿನ ಹನಿಗಳನ್ನು ತೆರೆದ ಒಂದು ತಿಂಗಳ ನಂತರ ಎಸೆಯಬೇಕು. ಪೆಟ್ಟಿಗೆಯ ಮೇಲೆ ಬೇರೆ ಅವಧಿ ನಮೂದಿಸಿದ್ದರೆ ಅದನ್ನು ಅನುಸರಿಸಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಯೂ ಕಿಟಕಿಯ ಅಂಚಿನಲ್ಲಿಯೂ ಔಷಧವನ್ನು ಇಡಬಾರದು.

8. ಒಬ್ಬರ ಬಾಟಲಿಯನ್ನು ಮತ್ತೊಬ್ಬರು ಬಳಸಬಾರದು, ಅವರು ಒಂದೇ ಮನೆಯವರಾದರೂ ಸರಿ.

ಬೇನೆ ಬಂದಾಗ ಮನೆಯಲ್ಲಿ ಮಾಡಬೇಕಾದುದು

ಕಾದಾರಿಸಿದ ನೀರಿನಲ್ಲಿ ಅದ್ದಿದ ಶುದ್ಧವಾದ ಹತ್ತಿಯಿಂದ ಪಿಸುರನ್ನು ಒರೆಸಿ ಹತ್ತಿಯನ್ನು ಎಸೆಯಬೇಕು. ತಣ್ಣನೆಯ ಪಟ್ಟಿನಿಂದ ಉರಿ ಶಮನವಾಗುತ್ತದೆ. ರೋಗಿಯ ಟವೆಲ್, ದಿಂಬಿನ ಹೊದಿಕೆ, ಕರವಸ್ತ್ರ ಮತ್ತು ಕಾಡಿಗೆ ಬೇರೆಯಾಗಿರಬೇಕು. ಅಡೆನೊವೈರಸ್ ಒಣಗಿದ ವಸ್ತುಗಳ ಮೇಲೆಯೂ ಹಲವು ದಿನ ಜೀವಂತವಾಗಿರಬಲ್ಲದು; ಆದುದರಿಂದ ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ಮೊಬೈಲ್ ದೂರವಾಣಿ ಇವುಗಳ ಮೂಲಕವೂ ಬೇನೆ ಹರಡುತ್ತದೆ. ಕಣ್ಣಿನಲ್ಲಿ ನೀರು ಮತ್ತು ಕೆಂಪು ಇರುವವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸದಿರುವುದು ಒಳಿತು. ರೋಗಿಯ ಕಣ್ಣನ್ನು ನೋಡಿದ ಮಾತ್ರಕ್ಕೆ ಬೇನೆ ಬರುತ್ತದೆಂಬುದು ತಪ್ಪು ನಂಬಿಕೆ. ಕಪ್ಪು ಕನ್ನಡಕವು ಬೆಳಕಿನ ಉಪದ್ರವವನ್ನು ತಗ್ಗಿಸುತ್ತದೆ ಅಷ್ಟೆ. ಸೋಂಕನ್ನು ತಡೆಯುವುದು ತೊಳೆದ ಕೈ.

ಎದೆಹಾಲು, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ ಮೊದಲಾದವನ್ನು ಕಣ್ಣಿಗೆ ಬಿಡುವ ರೂಢಿ ಹಲವೆಡೆ ಇದೆ. ಇವು ಶುದ್ಧೀಕರಿಸಿದ ಔಷಧಗಳಲ್ಲ. ಕೆರಳಿದ ಕಣ್ಣಿಗೆ ಇವುಗಳಿಂದ ಹೊಸ ಸೋಂಕು ತಗುಲುವ ಸಂಭವವಿರುವುದರಿಂದ ಇವನ್ನು ಬಳಸಬಾರದು.

ತಡಮಾಡದೆ ನೇತ್ರತಜ್ಞರನ್ನು ಕಾಣಬೇಕಾದ ಸಂದರ್ಭಗಳು

ಕಣ್ಣಿನಲ್ಲಿ ತೀವ್ರವಾದ ನೋವಿದ್ದರೆ, ನೋಟ ಮಬ್ಬಾಗಿದ್ದರೆ, ಬೆಳಕನ್ನು ನೋಡಲು ಆಗದಿದ್ದರೆ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ, ಕರಿಯ ಭಾಗದ ಮೇಲೆ ಬಿಳಿಯ ಚುಕ್ಕೆ ಕಾಣಿಸಿದರೆ, ಕಡ್ಡಿ, ಗರಿ, ಸುಣ್ಣ ಅಥವಾ ರಾಸಾಯನಿಕ ತಗುಲಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಣ್ಣು ಕೆಂಪಾದರೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದರೆ ಕಾಯಬಾರದು. ಸುಣ್ಣ ಅಥವಾ ರಾಸಾಯನಿಕ ಬಿದ್ದ ಕಣ್ಣನ್ನು ಆಸ್ಪತ್ರೆಗೆ ಹೊರಡುವ ಮುನ್ನವೇ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆಯಬೇಕು. ಹುಟ್ಟಿದ ಒಂದು ತಿಂಗಳೊಳಗಿನ ಶಿಶುವಿನ ಕಣ್ಣಿನಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರ ಸಲಹೆಯಿಲ್ಲದೆ ಹಲವು ವಾರಗಳಿಂದ ಸ್ಟೀರಾಯ್ಡ್ ಹನಿ ಹಾಕುತ್ತಿರುವವರು, ಕಣ್ಣು ತಿಳಿಯಾಗಿಯೇ ಇದ್ದರೂ, ಬಾಟಲಿಯ ಸಮೇತ ಹೋಗಿ ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಬೇಕು. ಈ ಪರೀಕ್ಷೆಗೆ ತಗಲುವುದು ಕೆಲವೇ ನಿಮಿಷಗಳು.

ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ನಮ್ಮ ದೇಶದಲ್ಲಿ 1976ರಿಂದ ನಡೆಯುತ್ತ ಬಂದಿದೆ. ವಯಸ್ಸಿನಿಂದ ಬರುವ ಪೊರೆಯಂತಹ ಕಾರಣಗಳನ್ನು ಎದುರಿಸಲು ಆಸ್ಪತ್ರೆ, ತಜ್ಞರು, ಉಪಕರಣಗಳು ಬೇಕಾಗುತ್ತವೆ. ಔಷಧದ ದುರ್ಬಳಕೆಯಿಂದ ಬರುವ ಅಂಧತ್ವವನ್ನು ತಡೆಯುವ ಕೆಲಸವು ಮನೆಯಿಂದಲೇ ಆರಂಭವಾಗಬಲ್ಲದು. ಚಿಕಿತ್ಸೆ ಮುಗಿದ ದಿನ ಉಳಿದ ಹನಿಯ ಬಾಟಲಿಯನ್ನು ಎಸೆಯುವುದು ಅದರ ಮೊದಲ ಹೆಜ್ಜೆ. ಅಜ್ಜಿಗೆ ಬೆಳಕನ್ನು ಮರಳಿಸಿದ ಔಷಧವು ಮೊಮ್ಮಗನ ಬೆಳಕನ್ನು ಕಸಿಯದಂತೆ ನೋಡಿಕೊಳ್ಳುವುದು ಮನೆಯ ಹಿರಿಯರೆಲ್ಲರ ಹೊಣೆ.